ಸ್ಕೂಲು ಎಂಬ ಮಾತು

ಮನುಷ್ಯರಿಗೆ ಇರುವಂತೆಯೇ ಮಾತುಗಳಿಗೂ ಊರು, ಮನೆತನ, ನಂಟರು, ದಾಯಾದಿಗಳು ಇರುತ್ತಾರೆ. ಮನೆಗೆ ಬಂದ ಹೊಸಬರನ್ನು ಕೂರಿಸಿ, ನೀರು ಕೊಟ್ಟು, ‘ತಮ್ಮದು ಯಾವ ಊರು?’ ಎಂದು ಕೇಳುವುದು ನಮ್ಮ ಪದ್ಧತಿ. ಆದರೆ ಬೆಳಗಿನಿಂದ ಬೈಗಿನವರೆಗೆ ನಮ್ಮ ನಾಲಗೆಯ ಮೇಲೆ ಓಡಾಡುವ ಮಾತುಗಳನ್ನು ನಾವು ಹಾಗೆ ವಿಚಾರಿಸುವುದಿಲ್ಲ. ಬಳಕೆ ಹೆಚ್ಚಾದಷ್ಟೂ ವಿಚಾರಣೆ ಕಡಿಮೆಯಾಗುತ್ತದೆ. ‘ಸ್ಕೂಲು’ ಅಂಥದೊಂದು ಮಾತು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಹಳ್ಳಿಯ ಅಜ್ಜಿಯೂ ‘ಮೊಮ್ಮಗ ಇಸ್ಕೂಲಿಗೆ ಹೋಗಿದಾನೆ’ ಎನ್ನುತ್ತಾಳೆ. ಆಕೆಯ ಪಾಲಿಗೆ ಅದು ಪರಭಾಷೆಯ ಮಾತಲ್ಲ. ಬಸ್ಸು, ರೈಲುಗಳಂತೆ ಮನೆಯ ಮಾತೇ ಆಗಿಬಿಟ್ಟಿದೆ.

‘ಇಸ್ಕೂಲು’ ಎಂಬ ಉಚ್ಚಾರಣೆಯನ್ನು ಕೇಳಿ ಪೇಟೆಯ ವಿದ್ಯಾವಂತರು ನಗುವುದುಂಟು. ನಗುವ ಮುನ್ನ ಅವರು ಭೂಪಟದಲ್ಲಿ ಸ್ವಲ್ಪ ಪಶ್ಚಿಮಕ್ಕೆ ನೋಡಬೇಕು. ಸಕಾರವು ಇನ್ನೊಂದು ವ್ಯಂಜನದೊಡನೆ ಕೂಡಿ ಶಬ್ದದ ಮೊದಲಿಗೇ ಬಂದರೆ ಅದನ್ನು ಉಚ್ಚರಿಸುವುದು ಎಲ್ಲರ ನಾಲಗೆಗೂ ಸುಲಭವಲ್ಲ. ಆಗ ನಾಲಗೆ ಒಂದು ಸ್ವರವನ್ನು ಊರುಗೋಲಿನಂತೆ ಮುಂದಿಟ್ಟುಕೊಳ್ಳುತ್ತದೆ. ಸ್ಪೇನಿನ ಜನ ಇದೇ ಶಬ್ದವನ್ನು ‘ಎಸ್ಕ್ವೇಲಾ’ ಎನ್ನುತ್ತಾರೆ. ಫ್ರೆಂಚರ ಪೂರ್ವಿಕರು ‘ಎಸ್ಕೋಲ್’ ಎಂದರು. ಮುಂದೆ ಸಕಾರ ಬಿದ್ದುಹೋಗಿ ‘ಎಕೋಲ್’ ಎಂದಾಯಿತು. ನಮ್ಮ ಅಜ್ಜಿ ಮಾಡಿರುವುದೂ ಅದನ್ನೇ. ಸ್ಪೇನಿನಲ್ಲಿ ವ್ಯಾಕರಣವೆನಿಸಿದ್ದು ನಮ್ಮ ಹಳ್ಳಿಯಲ್ಲಿ ಅಜ್ಞಾನವೆನಿಸುವುದು ನ್ಯಾಯವಲ್ಲ.

ಇದೇ ಶಬ್ದ ಇಟಲಿಯಲ್ಲಿ ‘ಸ್ಕುಓಲಾ’, ರಷ್ಯದಲ್ಲಿ ‘ಷ್ಕೋಲ’, ಜರ್ಮನಿಯಲ್ಲಿ ‘ಶೂಲೆ’. ಈ ಶೂಲೆ ಕಿವಿಗೆ ಬಿದ್ದೊಡನೆ ನಮ್ಮ ಶಾಲೆಯ ಒಡಹುಟ್ಟು ಎಂದೇ ಅನ್ನಿಸುತ್ತದೆ. ಆದರೆ ಇದು ಬರಿಯ ಮುಖಸಾಮ್ಯ. ಸಂಸ್ಕೃತದ ‘ಶಾಲಾ’ ಎಂಬುದಕ್ಕೆ ಮನೆ, ಸೂರು, ವಿಶಾಲವಾದ ಕೋಣೆ ಎಂದು ಅರ್ಥ. ಆದುದರಿಂದಲೇ ದನಗಳಿರುವಲ್ಲಿ ಗೋಶಾಲೆ, ಕುದುರೆಗಳಿರುವಲ್ಲಿ ಅಶ್ವಶಾಲೆ, ಅಡುಗೆ ಬೇಯುವಲ್ಲಿ ಪಾಕಶಾಲೆ, ದಾರಿಹೋಕರು ತಂಗುವಲ್ಲಿ ಧರ್ಮಶಾಲೆ. ಮಕ್ಕಳು ಓದುವಲ್ಲಿ ಪಾಠಶಾಲೆ. ಪಾಠ ಎಂಬ ಮಾತು ಸವೆದುಹೋಗಿ ಶಾಲೆಯಷ್ಟೇ ಉಳಿಯಿತು. ಇಂಗ್ಲಿಷಿನಲ್ಲಿ ನಮ್ಮ ಶಾಲೆಗೆ ನಂಟನಾಗಬೇಕಾದುದು ‘ಸ್ಕೂಲ್’ ಅಲ್ಲ, ‘ಹಾಲ್’ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಶಬ್ದ ಕಟ್ಟಡದಿಂದ ಹುಟ್ಟಿತು. ಹಾಗಾದರೆ ಸ್ಕೂಲು ಯಾವುದರಿಂದ ಹುಟ್ಟಿತು?

ಅದರ ತವರು ಗ್ರೀಸ್ ದೇಶ. ಅಲ್ಲಿ ಅದರ ರೂಪ ‘ಸ್ಖೊಲೇ’. ಅದಕ್ಕೆ ಪಾಠವೆಂದಾಗಲಿ, ಪುಸ್ತಕವೆಂದಾಗಲಿ, ಕಟ್ಟಡವೆಂದಾಗಲಿ ಅರ್ಥವಿರಲಿಲ್ಲ. ಅದರ ಅರ್ಥ ಬಿಡುವು! ಹೊಟ್ಟೆಪಾಡಿನ ದುಡಿಮೆಯಿಂದ ಬಿಡುಗಡೆಯಾದ ಹೊತ್ತೇ ಸ್ಖೊಲೇ. ಆ ಬಿಡುವಿನ ಹೊತ್ತಿನಲ್ಲಿ ತಿಳಿದವರು ಕಲೆತು ನಡೆಸುತ್ತಿದ್ದ ಚರ್ಚೆಗೂ ಉಪನ್ಯಾಸಕ್ಕೂ ಕ್ರಮೇಣ ಅದೇ ಹೆಸರು ಬಂದಿತು. ಕೊನೆಗೆ ಚರ್ಚೆ ನಡೆಯುವ ಸ್ಥಳಕ್ಕೂ ಅಂಟಿಕೊಂಡಿತು. ಗ್ರೀಕರಿಂದ ರೋಮನರು ಅದನ್ನು ಪಡೆದು ‘ಸ್ಕೊಲ’ ಎಂದರು. ಲ್ಯಾಟಿನ್ನಿನಿಂದ ಅದು ಸಾವಿರ ವರ್ಷಗಳಿಗೂ ಹಿಂದೆಯೇ ಇಂಗ್ಲಿಷನ್ನು ಸೇರಿ, ಇಂಗ್ಲಿಷರೊಡನೆ ಹಡಗು ಹತ್ತಿ ನಮ್ಮಲ್ಲಿಗೆ ಬಂದು ಇಸ್ಕೂಲಾಯಿತು.

ಇನ್ನೂ ಆಳಕ್ಕೆ ಇಳಿದರೆ ಮತ್ತೊಂದು ಸೋಜಿಗವಿದೆ. ಸ್ಖೊಲೇ ಎಂಬುದರ ಧಾತುವಿಗೆ ಹಿಡಿ, ತಡೆ ಎಂಬ ಅರ್ಥ. ಓಡುತ್ತಿರುವುದನ್ನು ತಡೆದು ನಿಲ್ಲಿಸುವುದೇ ಬಿಡುವು. ಸಂಸ್ಕೃತದ ‘ಸಹ್’ ಧಾತುವೂ ಅದೇ ಮೂಲದಿಂದ ಬಂದುದು ಎಂದು ಪಂಡಿತರ ಮತ. ನಮ್ಮ ಸಹನೆ, ಸಹಿಷ್ಣುತೆಗಳು ಹುಟ್ಟಿದ್ದು ಆ ಧಾತುವಿನಿಂದ. ಎಂದರೆ ಮುಖ ಹೋಲುವ ‘ಶಾಲೆ’ ಸ್ಕೂಲಿಗೆ ನಂಟಲ್ಲ. ಮುಖ ಹೋಲದ ‘ಸಹನೆ’ ಅದಕ್ಕೆ ದೂರದ ಸೋದರಿ. ಪಾಠ ಹೇಳುವವರಿಗೂ ಕೇಳುವವರಿಗೂ ಬೇಕಾದ ಗುಣವೇ ನಂಟಸ್ತಿಕೆಯಲ್ಲಿ ಸಿಕ್ಕಿತೆಂದು ನಾವು ಸಂತೋಷಪಡಬಹುದು.

ಶಬ್ದ ಹಳೆಯದಾದಂತೆಲ್ಲ ಅದರ ಸಂಸಾರ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ‘ಸ್ಕೂಲ್’ ಎಂದರೆ ಮಕ್ಕಳು ಓದುವ ಮನೆ ಮಾತ್ರವಲ್ಲ. ವಿಶ್ವವಿದ್ಯಾಲಯದ ವೈದ್ಯ ವಿಭಾಗವೂ ಸ್ಕೂಲು, ಕಾನೂನಿನ ವಿಭಾಗವೂ ಸ್ಕೂಲು. ಒಬ್ಬ ಗುರುವಿನ ವಿಚಾರವನ್ನು ಹಿಡಿದು ನಡೆಯುವ ಪಂಥವೂ ಸ್ಕೂಲು. ಕುದುರೆಯನ್ನು ಪಳಗಿಸುವುದಕ್ಕೂ ಅದೇ ಶಬ್ದ ಕ್ರಿಯಾಪದವಾಗಿ ಬರುತ್ತದೆ. ಒಂದು ಶೈಲಿಯ ಚಿತ್ರಕಾರರ ಪರಂಪರೆಗೂ ಅದೇ ಹೆಸರು. ಮೈಸೂರು ಸಂಪ್ರದಾಯದ ಚಿತ್ರಗಳನ್ನು ಇಂಗ್ಲಿಷಿನಲ್ಲಿ ‘ಮೈಸೂರು ಸ್ಕೂಲ್’ ಎಂದೇ ಕರೆಯುತ್ತಾರೆ. ಹಿಂದೂಸ್ಥಾನೀ ಸಂಗೀತದವರು ಇಂಥ ಪರಂಪರೆಗೆ ಘರಾನಾ ಎನ್ನುತ್ತಾರೆ. ಘರ್ ಎಂದರೆ ಮನೆ. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಿರಾಣಾ ಘರಾನೆಯವರು ಎಂದರೆ ಒಂದೇ ಮನೆಯ ಹಾಡುಗಾರರು ಎಂದಂತೆ. ಒಂದು ಭಾಷೆ ಬಿಡುವಿನ ಹೆಸರಿಟ್ಟಲ್ಲಿ ಇನ್ನೊಂದು ಭಾಷೆ ಮನೆಯ ಹೆಸರಿಟ್ಟಿತು.

ಇನ್ನು ಕೆಲವು ಅರ್ಥಗಳು ನಮ್ಮನ್ನು ಮೋಸಗೊಳಿಸುತ್ತವೆ. ಮೀನಿನ ಹಿಂಡಿಗೂ ಇಂಗ್ಲಿಷಿನಲ್ಲಿ ‘ಸ್ಕೂಲ್’ ಎನ್ನುತ್ತಾರೆ. ಮೀನುಗಳು ಮಕ್ಕಳಂತೆ ಸಾಲಾಗಿ ಹೋಗುವುದರಿಂದ ಆ ಹೆಸರು ಬಂದಿತೆಂದು ಯಾರಾದರೂ ಊಹಿಸಬಹುದು. ಊಹೆ ಸೊಗಸಾದದ್ದೇ, ಆದರೆ ನಿಜವಲ್ಲ. ಅದು ಡಚ್ ಭಾಷೆಯಿಂದ ಬಂದ, ಗುಂಪು ಎಂಬರ್ಥದ ಬೇರೆಯೇ ಶಬ್ದ. ಎರಡು ಊರುಗಳಿಂದ ಬಂದ ಒಂದೇ ಹೆಸರಿನ ಇಬ್ಬರು ಒಂದೇ ಬೀದಿಯಲ್ಲಿ ಮನೆ ಮಾಡಿದಂತಾಗಿದೆ. ಹಾಗೆಯೇ ಇಂಗ್ಲೆಂಡಿನ ‘ಪಬ್ಲಿಕ್ ಸ್ಕೂಲ್’ ಎಂಬುದು ಸಾರ್ವಜನಿಕ ಶಾಲೆಯಲ್ಲ. ದೊಡ್ಡ ಮೊತ್ತದ ಶುಲ್ಕ ಪಡೆಯುವ ಖಾಸಗಿ ಶಾಲೆ. ೧೩೮೨ರಲ್ಲಿ ಸ್ಥಾಪನೆಯಾದ ವಿಂಚೆಸ್ಟರ್, ೧೪೪೦ರಲ್ಲಿ ಸ್ಥಾಪನೆಯಾದ ಈಟನ್ ಇಂಥವು. ಯಾವ ಊರಿನವರಾದರೂ ಬಂದು ಸೇರಬಹುದೆಂಬ ಅರ್ಥದಲ್ಲಿ ಹುಟ್ಟಿದ ಹೆಸರು, ಎಲ್ಲರೂ ಸೇರಲಾಗದ ಶಾಲೆಗೆ ಉಳಿದುಕೊಂಡಿತು.

ಸ್ಕೂಲಿನ ಸಂತಾನದಲ್ಲಿ ನನಗೆ ತುಂಬ ಪ್ರಿಯವಾದುದು ‘ಸ್ಕಾಲರ್‌ಷಿಪ್’. ಅದಕ್ಕೆ ಪಾಂಡಿತ್ಯ ಎಂಬುದೊಂದು ಅರ್ಥ, ವಿದ್ಯಾರ್ಥಿವೇತನ ಎಂಬುದಿನ್ನೊಂದು ಅರ್ಥ. ಪಾಂಡಿತ್ಯಕ್ಕೂ ಹಣಕ್ಕೂ ಒಂದೇ ಮಾತೇ ಎಂದು ಬೆರಗಾಗಬೇಕಿಲ್ಲ. ಬಡ ಹುಡುಗನೊಬ್ಬನಿಗೆ ತಿಂಗಳು ತಿಂಗಳು ಒಂದಿಷ್ಟು ಹಣ ಕೊಡುವುದೇಕೆ? ಅವನು ಕೂಲಿಗೆ ಹೋಗದೆ ಓದಲಿ ಎಂದು. ಹಣದ ರೂಪದಲ್ಲಿ ನಾವು ಅವನಿಗೆ ಕೊಡುವುದು ಬಿಡುವನ್ನೇ. ನಮ್ಮ ಹಿಂದಿನವರಿಗೆ ಈ ಗ್ರೀಕ್ ಶಬ್ದ ತಿಳಿದಿರಲಿಲ್ಲ; ಆದರೆ ಅದರ ತಿರುಳು ತಿಳಿದಿತ್ತು. ವಾರಾನ್ನದ ಪದ್ಧತಿಯನ್ನು ನೆನೆಯಿರಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ಓದಿದವರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ. ಮಠಗಳ ಉಚಿತ ವಿದ್ಯಾರ್ಥಿನಿಲಯಗಳೂ, ಇಂದಿನ ಮಧ್ಯಾಹ್ನದ ಬಿಸಿಯೂಟವೂ ಅದೇ ತಿಳಿವಿನ ಮುಂದುವರಿಕೆಗಳು.

ಇದಕ್ಕೆ ಕಲ್ಲಿನ ಸಾಕ್ಷಿಯೂ ಉಂಟು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅದರ ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿನ ವಿದ್ಯಾಶಾಲೆಯ ಖ್ಯಾತಿಯಿಂದ ಶಾಲೆಯ ಹೆಸರೂ ಊರಿನ ಹೆಸರಿಗೆ ಕೂಡಿ, ಸವೆದು, ಸಾಲೋಟಗಿಯಾಯಿತು. ಕ್ರಿ.ಶ. ೯೪೫ರ ಅಲ್ಲಿಯ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯನ್ನು ಕುರಿತದ್ದು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ೨೭ ಮನೆಗಳು, ದೀಪದ ವೆಚ್ಚಕ್ಕೆ ೧೨ ನಿವರ್ತನ ಭೂಮಿ ದತ್ತಿಯಾಗಿದ್ದುವು. ಓದುವವನು ಎಣ್ಣೆಗಾಗಿ ಅಲೆಯಬಾರದು, ಅನ್ನಕ್ಕಾಗಿ ಚಿಂತಿಸಬಾರದು ಎಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲರು.

ಗ್ರೀಕರು ಈ ಬಿಡುವನ್ನು ಎಷ್ಟು ದೊಡ್ಡದೆಂದು ಎಣಿಸಿದ್ದರೆಂಬುದಕ್ಕೆ ಅವರ ಭಾಷೆಯೇ ಪ್ರಮಾಣ. ಅವರಲ್ಲಿ ಉದ್ಯೋಗಕ್ಕೆ ಇದ್ದ ಒಂದು ಹೆಸರು ‘ಅಸ್ಖೊಲಿಯ’, ಎಂದರೆ ಬಿಡುವಿಲ್ಲದಿರುವಿಕೆ. ರೋಮನರೂ ಹಾಗೆಯೇ ಬಿಡುವಿಗೆ ‘ಓಟಿಯಂ’ ಎಂದರು, ವ್ಯವಹಾರಕ್ಕೆ ಅದರ ನಿಷೇಧರೂಪವಾದ ‘ನೆಗೋಟಿಯಂ’ ಎಂದರು. ಅವರ ದೃಷ್ಟಿಯಲ್ಲಿ ಬಿಡುವೇ ಮೂಲ, ಉದ್ಯೋಗ ಅದರ ಅಭಾವ. ನಾವೋ ಉದ್ಯೋಗವನ್ನು ಮೂಲವೆಂದು ಹಿಡಿದು, ಬಿಡುವನ್ನು ಅದರ ನಡುವೆ ಬಿದ್ದ ಬಿರುಕು ಎಂದುಕೊಂಡಿದ್ದೇವೆ. ಅರಿಸ್ಟಾಟಲನು ಇನ್ನೊಂದು ಸೂಕ್ಷ್ಮವನ್ನು ತೋರಿಸಿಕೊಟ್ಟಿದ್ದಾನೆ. ಅವನ ಪ್ರಕಾರ ಬಿಡುವು ಬೇರೆ, ವಿನೋದ ಬೇರೆ. ದುಡಿದು ದಣಿದವನಿಗೆ ವಿನೋದವು ಔಷಧವಿದ್ದಂತೆ. ಮತ್ತೆ ದುಡಿಯಲು ಅದು ಅವನನ್ನು ಸಿದ್ಧಗೊಳಿಸುತ್ತದೆ. ಬಿಡುವಾದರೋ ಬೇರೊಂದಕ್ಕೆ ಸಾಧನವಲ್ಲ, ತಾನೇ ಗುರಿ. ಆ ಹೊತ್ತಿನಲ್ಲಿ ಮನುಷ್ಯ ತಿಳಿಯುವುದಕ್ಕಾಗಿಯೇ ತಿಳಿಯುತ್ತಾನೆ. ಆದುದರಿಂದ ಬಿಡುವನ್ನು ಸೋಮಾರಿತನವೆಂದು ತಿಳಿಯುವುದು ಸಲ್ಲದು. ಸೋಮಾರಿಯ ಹೊತ್ತು ಅವನಿಂದ ನುಣುಚಿಹೋಗುತ್ತದೆ. ಬಿಡುವುಳ್ಳವನ ಹೊತ್ತು ಅವನ ಕೈಯಲ್ಲಿರುತ್ತದೆ.

ರೋಮನರು ಮಕ್ಕಳ ಮೊದಲ ಪಾಠಶಾಲೆಗೆ ಇಟ್ಟ ಹೆಸರು ಇನ್ನೂ ಹೃದ್ಯವಾದುದು. ಅವರು ಅದನ್ನು ‘ಲೂಡಸ್’ ಎಂದರು. ಲೂಡಸ್ ಎಂದರೆ ಆಟ. ಆ ಶಾಲೆಗಳಲ್ಲಿ ಬೆತ್ತದ ಏಟುಗಳಿಗೆ ಕೊರತೆಯಿರಲಿಲ್ಲವೆಂದು ಅವರ ಕವಿಗಳೇ ಹೇಳಿದ್ದಾರೆ. ಕತ್ತಿಮಲ್ಲರನ್ನು ತಯಾರಿಸುವ ಜಾಗಕ್ಕೂ ಅದೇ ಹೆಸರಿತ್ತು. ಹೆಸರು ಒಂದು, ನಡೆ ಇನ್ನೊಂದು. ಆದರೂ ಬಿಡುವು ಎಂದು ಒಂದು ಜನಾಂಗ, ಆಟ ಎಂದು ಇನ್ನೊಂದು ಜನಾಂಗ ಶಾಲೆಯನ್ನು ಕರೆದದ್ದು ಆಕಸ್ಮಿಕವೆಂದು ತಳ್ಳಿಹಾಕುವಂಥದಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಆ ಬಿಡುವು ಯಾರಿಗಿತ್ತು? ಅಥೆನ್ಸಿನ ಸ್ವತಂತ್ರ ಪುರುಷರಿಗೆ ಬಿಡುವು ದೊರೆತದ್ದು ಗುಲಾಮರು ದುಡಿಯುತ್ತಿದ್ದುದರಿಂದ, ಹೆಂಗಸರು ಮನೆಯೊಳಗೆ ದುಡಿಯುತ್ತಿದ್ದುದರಿಂದ. ಶಿಕ್ಷಣತಜ್ಞನನ್ನು ಇಂದು ಇಂಗ್ಲಿಷಿನಲ್ಲಿ ‘ಪೆಡಗಾಗ್’ ಎನ್ನುತ್ತಾರೆ. ಗ್ರೀಕಿನಲ್ಲಿ ಆ ಶಬ್ದಕ್ಕೆ ಹುಡುಗನನ್ನು ಕರೆದೊಯ್ಯುವವನು ಎಂದು ಅರ್ಥ. ಅವನು ಮನೆಯ ಗುಲಾಮ. ಯಜಮಾನನ ಮಗನನ್ನು ಶಾಲೆಗೆ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ಕಾದಿದ್ದು, ಮರಳಿ ಕರೆತರುವುದು ಅವನ ಕೆಲಸ. ಕ್ರಿ.ಪೂ. ೫ನೆಯ ಶತಮಾನದ ಆರಂಭದಲ್ಲಿ ಡೂರಿಸ್ ಎಂಬ ಚಿತ್ರಕಾರ ಬರೆದ ಮಣ್ಣಿನ ಬಟ್ಟಲೊಂದು ಬರ್ಲಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಶಾಲೆಯ ಚಿತ್ರವಿದೆ: ಒಬ್ಬ ಹುಡುಗ ಗುರುವಿನ ಮುಂದೆ ನಿಂತು ಪಾಠ ಒಪ್ಪಿಸುತ್ತಿದ್ದಾನೆ, ಇನ್ನೊಬ್ಬ ವಾದ್ಯ ಕಲಿಯುತ್ತಿದ್ದಾನೆ. ಪಕ್ಕದಲ್ಲಿ ಊರುಗೋಲು ಹಿಡಿದು ಸುಮ್ಮನೆ ಕುಳಿತಿರುವವನು ಇಂಥ ಗುಲಾಮನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಪಾಠದ ನಡುವೆಯೇ ಕುಳಿತಿದ್ದರೂ ಪಾಠ ಅವನಿಗಾಗಿ ಅಲ್ಲ. ನಮ್ಮ ನಾಡಿನ ಕಥೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಅಗ್ರಹಾರದ ದೀಪ ಉರಿಯುತ್ತಿದ್ದಾಗ ಆ ದತ್ತಿಯ ಭೂಮಿಯನ್ನು ಉತ್ತವರ ಮಕ್ಕಳು ಕತ್ತಲೆಯಲ್ಲಿಯೇ ಇದ್ದರು. ಒಬ್ಬನ ಬಿಡುವಿಗೆ ಹತ್ತು ಜನ ಬಿಡುವಿಲ್ಲದೆ ದುಡಿಯುವುದು ಪ್ರಾಚೀನ ಜಗತ್ತಿನ ನಿಯಮವಾಗಿತ್ತು.

ಆದುದರಿಂದ ಸ್ಕೂಲಿನ ನಿಜವಾದ ಇತಿಹಾಸವೆಂದರೆ, ಕೆಲವರ ಸೊತ್ತಾಗಿದ್ದ ಬಿಡುವು ಎಲ್ಲರ ಹಕ್ಕಾದ ಕಥೆ. ಅದು ಬಲು ನಿಧಾನವಾಗಿ ನಡೆಯಿತು. ೧೭೮೦ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಎಂಬಾತ ಬಡಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದ. ಭಾನುವಾರವೇ ಏಕೆ? ಉಳಿದ ಆರು ದಿನ ಅವರು ಕೆಲಸದಲ್ಲಿರುತ್ತಿದ್ದರು. ಅಲ್ಲಿಯ ೧೮೩೩ರ ಕಾರ್ಖಾನೆ ಕಾಯಿದೆ, ಬಟ್ಟೆಯ ಗಿರಣಿಗಳಲ್ಲಿ ೯ ವರ್ಷಕ್ಕೆ ಕಡಿಮೆಯಾದ ಮಕ್ಕಳನ್ನು ದುಡಿಸುವುದನ್ನು ಬಹುಮಟ್ಟಿಗೆ ತಡೆಯಿತು; ೧೩ರೊಳಗಿನವರಿಗೆ ದಿನಕ್ಕೆ ೯ ಗಂಟೆಗೆ ಮೀರಿ ಕೆಲಸವಿರಬಾರದು, ಎರಡು ಗಂಟೆ ಪಾಠವಿರಬೇಕು ಎಂದು ವಿಧಿಸಿತು. ಒಂಬತ್ತು ಗಂಟೆಯ ದುಡಿಮೆಗೆ ಎರಡು ಗಂಟೆಯ ಬಿಡುವು! ಅಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾದದ್ದು ೧೮೮೦ರಲ್ಲಿ. ಪ್ರಾಥಮಿಕ ಶಿಕ್ಷಣ ಬಹುಮಟ್ಟಿಗೆ ಉಚಿತವಾದದ್ದು ೧೮೯೧ರಲ್ಲಿ. ನಮ್ಮ ದೇಶದಲ್ಲಿ ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಮರುವರ್ಷ ಅದು ಬಿದ್ದುಹೋಯಿತು. ಶಿಕ್ಷಣವು ಮಕ್ಕಳ ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಲು ೨೦೦೨ರ ೮೬ನೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ೬ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ನೀಡುವ ೨೦೦೯ರ ಕಾಯಿದೆ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ‘ಶಬ್ದದ ಮೂಲಾರ್ಥ ಏನಾದರೇನು? ಇಂದಿನ ಅರ್ಥವಲ್ಲವೆ ಮುಖ್ಯ?’ ಆಕ್ಷೇಪ ಯುಕ್ತವಾದುದೇ. ನಮ್ಮ ‘ಎಣ್ಣೆ’ ಎಂಬ ಮಾತು ಎಳ್ಳು ಮತ್ತು ನೆಯ್ ಎಂಬವು ಸೇರಿ ಆದುದು. ಮೊದಲು ಅದರ ಅರ್ಥ ಎಳ್ಳಿನ ಜಿಡ್ಡು ಎಂದಷ್ಟೇ. ಇಂದು ತೆಂಗಿನೆಣ್ಣೆಯೂ ಉಂಟು, ಸೀಮೆಎಣ್ಣೆಯೂ ಉಂಟು. ಸೀಮೆಎಣ್ಣೆಯಲ್ಲಿ ಎಳ್ಳನ್ನು ಹುಡುಕುವುದು ಹುಚ್ಚುತನ. ಶಬ್ದದ ಹುಟ್ಟು ಅದರ ಬಾಳನ್ನು ಆಳಲಾರದು. ಆದರೆ ಕೆಲವು ಶಬ್ದಗಳ ಹುಟ್ಟಿನಲ್ಲಿ ಆ ವಸ್ತುವಿನ ಅಸ್ತಿಭಾರ ಅಡಗಿರುತ್ತದೆ. ಎಳ್ಳಿಲ್ಲದೆ ಎಣ್ಣೆ ಇರಬಲ್ಲುದು. ಬಿಡುವಿಲ್ಲದೆ ಶಾಲೆ ಇರಲಾರದು. ಕಟ್ಟಡ, ಮೇಜು, ಗಂಟೆ, ಹಾಜರಿ ಪುಸ್ತಕ ಎಲ್ಲ ಇದ್ದೂ ಮಗುವಿಗೆ ಬಿಡುವಿಲ್ಲದಿದ್ದರೆ ಅಲ್ಲಿ ಉಳಿಯುವುದು ‘ಶಾಲೆ’ ಎಂಬುದರ ಮೂಲಾರ್ಥ ಮಾತ್ರ, ಬರಿಯ ಸೂರು.

ಮೂರು ದಶಕಗಳಿಗೂ ಮಿಕ್ಕು ಪಾಠ ಹೇಳಿ ನಿವೃತ್ತನಾದ ನನಗೆ, ಈ ಬಿಡುವು ಎರಡು ಬಾಗಿಲುಗಳಿಂದ ಕಳುವಾಗುತ್ತಿದೆ ಎಂದು ತೋರುತ್ತದೆ. ಒಂದು, ಬಡವರ ಮನೆಯ ಬಾಗಿಲು. ೧೪ರೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ದುಡಿಸಬಾರದೆಂದು ೨೦೧೬ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಆದರೆ ಶಾಲೆಯ ವೇಳೆ ಮುಗಿದ ಮೇಲೆ ಮನೆಯ ಕಸುಬಿನಲ್ಲಿ ನೆರವಾಗಬಹುದೆಂಬ ಅವಕಾಶ ಅದರಲ್ಲಿದೆ. ಮಕ್ಕಳು ತಾಯಿತಂದೆಗಳಿಗೆ ಕೈಗೂಡಿಸುವುದು ತಪ್ಪಲ್ಲ. ಕಸುಬಿನ ಪರಿಚಯವೂ ಒಂದು ವಿದ್ಯೆಯೇ. ಆದರೆ ನೆರವು ದುಡಿಮೆಯಾಗಿ ಬದಲಾಗುವ ಗಳಿಗೆಯನ್ನು ಯಾವ ಅಧಿಕಾರಿಯೂ ಬಂದು ಅಳೆಯಲಾರ. ಸಂಜೆಯೆಲ್ಲ ಬೀಡಿ ಸುತ್ತಿದ ಬೆರಳು ಬೆಳಿಗ್ಗೆ ಲೇಖನಿ ಹಿಡಿದಾಗ, ಮಗು ಶಾಲೆಯಲ್ಲಿದ್ದರೂ ಸ್ಕೂಲಿನಲ್ಲಿರುವುದಿಲ್ಲ.

ಇನ್ನೊಂದು, ಉಳ್ಳವರ ಮನೆಯ ಬಾಗಿಲು. ಅಲ್ಲಿಯ ಮಗು ಹೊಟ್ಟೆಗಾಗಿ ದುಡಿಯಬೇಕಿಲ್ಲ. ಆದರೆ ಅಂಕಗಳಿಗಾಗಿ ದುಡಿಯುತ್ತದೆ. ಕೋಳಿ ಕೂಗುವ ಹೊತ್ತಿಗೆ ಒಂದು ಟ್ಯೂಷನ್, ಆಮೇಲೆ ಶಾಲೆ, ಸಂಜೆ ಇನ್ನೊಂದು ಟ್ಯೂಷನ್, ರಾತ್ರಿ ಮನೆಪಾಠ. ರಜೆ ಬಂದರೆ ಮುಂದಿನ ವರ್ಷದ ಪಾಠ. ಕಿಟಕಿಯಾಚೆ ಗೀಜಗ ಗೂಡು ನೇಯುತ್ತಿದ್ದರೆ ಅದನ್ನು ಕತ್ತೆತ್ತಿ ನೋಡುವುದಕ್ಕೆ ಆ ಮಗುವಿಗೆ ಪುರಸೊತ್ತಿಲ್ಲ. ಗ್ರೀಕರು ಇದನ್ನು ಕಂಡಿದ್ದರೆ ಸ್ಖೊಲೇ ಎನ್ನುತ್ತಿರಲಿಲ್ಲ, ಅಸ್ಖೊಲಿಯ ಎನ್ನುತ್ತಿದ್ದರು. ಸ್ಪರ್ಧೆಯ ಕಾಲದಲ್ಲಿ ಹೀಗಲ್ಲದೆ ಗತಿಯಿಲ್ಲವೆಂದು ಪೋಷಕರು ಹೇಳುತ್ತಾರೆ. ಅವರ ಭಯ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಬೀಜ ಬಿತ್ತಿದವನು ಮೊಳಕೆ ಬಂದಿತೇ ಎಂದು ದಿನವೂ ಮಣ್ಣು ಕೆದಕಿ ನೋಡಿದರೆ ಪೈರು ಬರುವುದುಂಟೆ? ಕೇಳಿದ್ದು ಮನಸ್ಸಿನಲ್ಲಿ ಇಳಿಯಲು ಹೊತ್ತು ಬೇಕು. ಪ್ರಶ್ನೆ ಹುಟ್ಟಲು ಹೊತ್ತು ಬೇಕು. ತಪ್ಪಿ ತಿದ್ದಿಕೊಳ್ಳಲು ಹೊತ್ತು ಬೇಕು. ೨೦೦೯ರ ಕಾಯಿದೆಯೂ ಪ್ರತಿ ಶಾಲೆಯಲ್ಲಿ ಆಟದ ಮೈದಾನ, ಗ್ರಂಥಾಲಯಗಳಿರಬೇಕೆಂದು ವಿಧಿಸಿದೆ. ಇವೆರಡೂ ಬಿಡುವಿನ ಜಾಗಗಳಲ್ಲವೆ? ಮೈದಾನಕ್ಕೆ ಬೀಗ ಹಾಕಿ, ಪುಸ್ತಕಗಳನ್ನು ಕಪಾಟಿನಲ್ಲಿ ಸೆರೆಯಿಟ್ಟ ಶಾಲೆ ಫಲಿತಾಂಶದಲ್ಲಿ ಎಷ್ಟೇ ಮುಂದಿರಲಿ, ತನ್ನ ಹೆಸರಿಗೆ ತಾನೇ ದ್ರೋಹ ಮಾಡಿಕೊಂಡಂತೆ.

ಮೊದಲನೆಯ ಬಾಗಿಲನ್ನು ಮುಚ್ಚಲು ಸರ್ಕಾರವೂ ಸಮಾಜವೂ ಬೇಕು. ಊಟ, ಬಟ್ಟೆ, ಪುಸ್ತಕ, ವಿದ್ಯಾರ್ಥಿವೇತನಗಳು ಬೇಕು. ಎರಡನೆಯದನ್ನು ಮುಚ್ಚಲು ಹಣ ಬೇಡ. ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ಸ್ವಲ್ಪ ಸಹನೆ ಸಾಕು. ಆ ಸಹನೆ ಸ್ಕೂಲಿನ ನಂಟು ಎಂಬುದನ್ನು ಆಗಲೇ ನೋಡಿದೆವು.

ಕನ್ನಡದಲ್ಲಿ ‘ಶಾಲೆ ಬಿಟ್ಟಿತು’ ಎಂಬ ಒಂದು ಮಾತಿದೆ. ಸಂಜೆಯ ಗಂಟೆ ಬಾರಿಸಿದೊಡನೆ ಮಕ್ಕಳು ಗುಬ್ಬಿಗಳಂತೆ ಹಾರಿಬರುವ ಸಂತೋಷ ಅದರಲ್ಲಿದೆ. ‘ಶಾಲೆ ಬಿಟ್ಟರು’ ಎಂಬ ಇನ್ನೊಂದು ಮಾತಿದೆ. ಓದನ್ನು ನಡುವೆಯೇ ಕಡಿದುಕೊಂಡು ದುಡಿಮೆಗೆ ಹೋದ ಮಕ್ಕಳ ದುಃಖ ಅದರಲ್ಲಿದೆ. ಎರಡರಲ್ಲಿಯೂ ಇರುವುದು ಬಿಡು ಎಂಬ ಒಂದೇ ಧಾತು. ಬಿಡುವು ಎಂಬುದು ಹುಟ್ಟಿದ್ದೂ ಅದರಿಂದಲೇ. ಮೊದಲನೆಯ ಮಾತು ನಮ್ಮ ಊರುಗಳಲ್ಲಿ ದಿನವೂ ಕೇಳಿಬರಲಿ, ಎರಡನೆಯದು ಬಳಕೆ ತಪ್ಪಿ ನಿಘಂಟಿನಲ್ಲಿ ಮಾತ್ರ ಉಳಿಯಲಿ. ಶಾಲೆಯ ಒಳಗಿರುವಷ್ಟು ಹೊತ್ತು ಪ್ರತಿಯೊಂದು ಮಗುವಿಗೂ ಬಿಡುವಿರಲಿ.